ಫೋನಿನಿಂದ ಇಳಿದು ಬಂದ ಅಪ್ಪ

ಶಕ್ತಿನಗರದ ಈ ಫ್ಲ್ಯಾಟಿಗೆ ಬಂದು ಕೆಲವು ತಿಂಗಳು ಕಳೆದರೂ ನಾನು ಎದುರು ಮನೆಯವರನ್ನು ಸರಿಯಾಗಿ ನೋಡಿರಲಿಲ್ಲ. ಅವರ ಧ್ವನಿ ಮಾತ್ರ ಗೊತ್ತಿತ್ತು. ಒಂದು ಹೆಂಗಸಿನ ಧ್ವನಿ, ಒಂದು ಪುಟ್ಟ ಮಗುವಿನ ಧ್ವನಿ, ಮತ್ತು ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಒಂದು ಗಂಡಸಿನ ಧ್ವನಿ. ಆ ಗಂಡಸು ಮೆಟ್ಟಿಲು ಹತ್ತಿ ಬಂದದ್ದನ್ನಾಗಲಿ ಇಳಿದು ಹೋದದ್ದನ್ನಾಗಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ಬಾಗಿಲ ಹೊರಗೆ ಅವನ ಚಪ್ಪಲಿಯೂ ಇರುತ್ತಿರಲಿಲ್ಲ.

ಅದರ ಬಗ್ಗೆ ಹೆಚ್ಚು ಯೋಚಿಸುವಷ್ಟು ಆಸಕ್ತಿಯೂ ಆಗ ನನಗಿರಲಿಲ್ಲ. ಅದಕ್ಕೆ ಹಿಂದೆ ಬಹಳ ವರ್ಷ ನಾನು ನಗರದ ಒಂದು ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೆಲಸ ಮಾಡಿದ್ದೆ. ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬರುವವರ ಮುಖ ನೋಡಿಯೇ, ಇವರಿಗೆ ಮೊದಲು ಬೇಕಾದದ್ದು ರೂಮಿನ ಕೀಲಿಯೋ ಒಂದು ಲೋಟ ನೀರೋ ಎಂದು ತಿಳಿಯುವಷ್ಟು ಅಭ್ಯಾಸವಾಗಿತ್ತು. ಹೋಟೆಲು ಕೈಬದಲಾಯಿತು, ನನ್ನ ಕೆಲಸ ಹೋಯಿತು. ಮತ್ತೆ ಸಿಕ್ಕಿದ್ದು ಮನೆಯಲ್ಲೇ ಕೂತು ಮಾಡುವ ಕೆಲಸ. ಮಿಕ್ಸಿ, ವಾಷಿಂಗ್ ಮೆಷಿನ್ ಇಂಥದ್ದನ್ನೆಲ್ಲ ಮಾರುವ ಒಂದು ಕಂಪೆನಿಗೆ ದೂರು ಬರೆಯುವವರಿಗೆ ಕಂಪ್ಯೂಟರಿನಲ್ಲಿ ಉತ್ತರ ಟೈಪ್ ಮಾಡಬೇಕು. ಅಲ್ಲಿ ಧ್ವನಿಯಿಲ್ಲ, ಮುಖವಿಲ್ಲ, ಹೆಸರೂ ನನ್ನದಲ್ಲ, ಕಂಪೆನಿ ಕೊಟ್ಟದ್ದು. ‘ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ’ ಎಂಬ ವಾಕ್ಯವನ್ನಂತೂ ಟೈಪ್ ಮಾಡುವ ಕಷ್ಟವೂ ಇಲ್ಲ. ಒಂದು ಕೀ ಒತ್ತಿದರೆ ಇಡೀ ವಾಕ್ಯ ತಾನೇ ಹೋಗುತ್ತದೆ.

ನಾನು ಮದುವೆಯಾದವಳಲ್ಲ. ಅಣ್ಣನ ಸಂಸಾರ ಇದೇ ಊರಿನ ಮಣ್ಣಗುಡ್ಡದಲ್ಲಿ, ತಂಗಿ ಮುಂಬೈಯಲ್ಲಿ. ಅವರಿಬ್ಬರ ಜೊತೆಗೂ ದಿನಾ ಸಂಪರ್ಕ ಇತ್ತು ಎಂದೇ ಹೇಳಬೇಕು, ಯಾಕೆಂದರೆ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಮೇಲೆ ‘ಶುಭೋದಯ’ ಎಂದು ಬರೆದದ್ದು ಅವರಿಂದ ಬರುತ್ತಿತ್ತು, ನನ್ನಿಂದ ಹೋಗುತ್ತಿತ್ತು. ಆದರೆ ಒಂದು ಸಂಜೆ ಕೆಲಸ ಮುಗಿಸಿ ಕೆಳಗೆ ಇಳಿದು, ಮೀನಿನವಳ ಹತ್ತಿರ ಬಂಗುಡೆಯ ಕ್ರಯ ಕೇಳಲು ಬಾಯಿ ತೆರೆದರೆ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಬೆಳಿಗ್ಗೆಯಿಂದ ನಾನು ಒಂದು ಶಬ್ದವನ್ನೂ ಮಾತಾಡಿರಲಿಲ್ಲ. ಕೆಮ್ಮಿ, ಗಂಟಲು ಸರಿ ಮಾಡಿಕೊಂಡು ಕೇಳಿದೆ. ಅವಳು ನನಗೆ ಶೀತವಾಗಿದೆ ಎಂದುಕೊಂಡು ಕರಿಮೆಣಸಿನ ಕಷಾಯ ಕುಡಿಯಲು ಹೇಳಿದಳು.

ಎದುರು ಮನೆಯ ಬಾಗಿಲು ನನಗೆ ತೆರೆದದ್ದು ಇಂಟರ್ನೆಟ್ ಕೈಕೊಟ್ಟದ್ದರಿಂದ. ಒಂದು ಮಧ್ಯಾಹ್ನ ಬೆಲ್ ಆಯಿತು. ತೆರೆದರೆ ಇಪ್ಪತ್ತೆಂಟು ಮೂವತ್ತರ ಒಬ್ಬಳು ಹೆಂಗಸು, ಸೊಂಟದಲ್ಲಿ ಎರಡು ವರ್ಷದ ಹೆಣ್ಣುಮಗು, ಒಂದು ಕೈಯಲ್ಲಿ ಫೋನ್. ತಲೆಯ ಮೇಲೆ ಎಳೆದುಕೊಂಡ ಶಾಲಿನ ಅಂಚಿಗೆ ಅಕ್ಕಿಹಿಟ್ಟು ಮೆತ್ತಿತ್ತು.

“ನಿಮ್ಮಲ್ಲಿ ನೆಟ್ ಉಂಟಾ ಅಕ್ಕ? ನಮ್ಮದು ಹೋಗಿದೆ. ಇವಳ ಉಪ್ಪ ಅಲ್ಲಿ ಕಾಯ್ತಾ ಇದ್ದಾರೆ,” ಎಂದಳು.

ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಲ್ಲಿ ಅಪ್ಪನನ್ನು ಉಪ್ಪ, ಅಮ್ಮನನ್ನು ಉಮ್ಮ ಎನ್ನುತ್ತಾರೆ. ಆಗ ನನಗೆ ಮಧ್ಯಾಹ್ನದ ಗಂಡಸಿನ ಧ್ವನಿ ಎಲ್ಲಿಯದೆಂದು ತಿಳಿಯಿತು. ಅವನಿರುವುದು ಗಲ್ಫಿನಲ್ಲಿ, ವಾಹನಗಳ ಬಿಡಿಭಾಗ ಮಾರುವ ಒಂದು ಅಂಗಡಿಯಲ್ಲಿ. ಅಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚಿ ಮತ್ತೆ ಸಂಜೆ ತೆರೆಯುತ್ತಾರಂತೆ. ಆ ನಡುವಿನ ಹೊತ್ತೇ ಅವನ ಸಂಸಾರದ ಹೊತ್ತು. ಮಗುವಿಗೆ ಇನ್ನೂ ಕುತ್ತಿಗೆ ನಿಲ್ಲದಿದ್ದಾಗ ಹೋದವನು ಮತ್ತೆ ಊರಿಗೆ ಬಂದಿರಲಿಲ್ಲ. ರಜೆ ಹತ್ತಿರ ಬಂದಾಗಲೆಲ್ಲ ಅಲ್ಲಿ ಏನಾದರೂ ಒಂದು ಅಡ್ಡ ಬರುತ್ತಿತ್ತು.

ನಾನು ಪಾಸ್‌ವರ್ಡ್ ಕೊಟ್ಟೆ. ಅವಳು ಬಾಗಿಲಲ್ಲೇ ನಿಂತು ಮಾತಾಡಿ ಹೋಗುವವಳಿದ್ದಳು. ನಾನೇ ಒಳಗೆ ಕರೆದು ಸೋಫಾ ತೋರಿಸಿದೆ. ಫೋನಿನಲ್ಲಿ ಗಡ್ಡ ಬಿಟ್ಟ ಒಂದು ತೆಳ್ಳನೆಯ ಮುಖ ಮೂಡಿತು, ಹಿಂದೆ ಒಂದು ಬೋಳು ಗೋಡೆ. ನನ್ನನ್ನು ಕಂಡು ಅವನು ಮಂಚದ ಮೇಲೆ ನೆಟ್ಟಗೆ ಕುಳಿತು, ತೊಂದರೆಯಾಯಿತು ಕ್ಷಮಿಸಬೇಕು ಎಂದ. ಇನ್ನು ನಾನು ಅಲ್ಲಿದ್ದರೆ ಅವರಿಗೆ ಮುಜುಗರ ಎಂದುಕೊಂಡು ಒಳಗೆ ಹೋಗಿ ನನ್ನ ಕೆಲಸಕ್ಕೆ ಕೂತೆ.

ಹತ್ತು ನಿಮಿಷದಲ್ಲಿ ಅವರ ಮಾತು ನಿಂತಿತು. ಕಾಲ್ ಮುಗಿಯಿತೆಂದು ಹೊರಗೆ ಬಂದು ನೋಡಿದರೆ ಮುಗಿದಿರಲಿಲ್ಲ. ಫೋನನ್ನು ನನ್ನ ಹೂದಾನಿಗೆ ಒರಗಿಸಿ ಇಟ್ಟಿದ್ದಳು. ಮಗು ನೆಲದಲ್ಲಿ ಕುಳಿತು ನನ್ನ ಹಳೆಯ ಪತ್ರಿಕೆಯ ಹಾಳೆ ತಿರುವುತ್ತಿತ್ತು. ತಾಯಿ ಸೋಫಾದ ಮೂಲೆಯಲ್ಲಿ ಕುಳಿತು ಮಗುವಿನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಅವಳು ನನ್ನ ಮನೆಗೆ ಬರುವಾಗ ಸೂಜಿದಾರ ಕೂಡ ತಂದಿದ್ದಳು! ಅವನು ಅಲ್ಲಿ ಮಲಗಿಕೊಂಡು ಸುಮ್ಮನೆ ಇವರನ್ನು ನೋಡುತ್ತಿದ್ದ. ಯಾರೂ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಆಮೇಲೆ ಅವಳನ್ನು ಕೇಳಿದಾಗ, ನಮ್ಮದು ದಿನಾ ಹೀಗೆಯೇ ಎಂದಳು. ಅವಳು ಅಡುಗೆಮನೆಯಲ್ಲಿದ್ದರೆ ಫೋನ್ ಸಕ್ಕರೆ ಡಬ್ಬಿಗೆ ಒರಗಿರುತ್ತದೆ, ಬಟ್ಟೆ ಒಣಗಿಸುವಾಗ ಕಿಟಿಕಿಯ ಸರಳಿಗೆ. ಮಾತಿದ್ದರೆ ಮಾತು, ಇಲ್ಲದಿದ್ದರೆ ಇಲ್ಲ. ಕೆಲವೊಮ್ಮೆ ಅವನು ಅಲ್ಲಿಯೇ ನಿದ್ದೆಹೋಗುತ್ತಾನೆ. ಅವಳು ಮಗುವಿಗೆ ಗಲಾಟೆ ಮಾಡಬೇಡ ಎಂದು ಹೇಳಿ, ಪಾತ್ರೆಗಳನ್ನು ಸದ್ದಾಗದ ಹಾಗೆ ಇಡುತ್ತಾಳೆ.

“ಮನೆಯಲ್ಲಿ ಇದ್ರೆ ಯಾರಾದ್ರೂ ಇಡೀ ಹೊತ್ತು ಮಾತಾಡ್ತಾರಾ ಅಕ್ಕ?” ಎಂದು ನನ್ನನ್ನೇ ಕೇಳಿದಳು.

ಅವರ ನೆಟ್ ಮರುದಿನವೇ ಸರಿಯಾದರೂ ಅವಳು ಬರುವುದನ್ನು ನಿಲ್ಲಿಸಲಿಲ್ಲ. ವಾರದಲ್ಲಿ ಒಂದೆರಡು ದಿನ ಮಧ್ಯಾಹ್ನ ಬರುತ್ತಿದ್ದಳು. ನಮ್ಮ ಮಾತು ತುಳುವಿನಲ್ಲಿ ಹೊರಟು, ಅವಳಿಗೆ ಖುಷಿಯಾದರೆ ಬ್ಯಾರಿ ಭಾಷೆಗೆ ತಿರುಗಿ, ಮಗುವಿಗೆ ಶಾಲೆಯ ಭಾಷೆ ಬರಲಿ ಎಂದು ಕನ್ನಡಕ್ಕೆ ಬರುತ್ತಿತ್ತು. ಮಗು ನನ್ನನ್ನು ‘ಎದುರು ಮನೆ ಆಂಟಿ’ ಎನ್ನಲು ಹೋಗಿ ‘ಎದುರಾಂಟಿ’ ಮಾಡಿಕೊಂಡಿತು. ನಾನು ನೀರುದೋಸೆ ಕೊಟ್ಟರೆ ಅವಳಲ್ಲಿಂದ ಅಕ್ಕಿರೊಟ್ಟಿ ಬರುತ್ತಿತ್ತು. ಅಣ್ಣನಿಗೆ ಇದು ಗೊತ್ತಾದಾಗ, ನಿನಗೆ ನಮ್ಮವರು ಯಾರೂ ಸಿಗಲಿಲ್ಲವಾ ಎಂದು ಫೋನಿನಲ್ಲಿ ಕೇಳಿದ. ಇಲ್ಲ, ಯಾರೂ ಬೆಲ್ ಮಾಡಲಿಲ್ಲ ಎಂದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಅವಳನ್ನು ನೋಡಿ ನಾನೂ ಒಂದು ಭಾನುವಾರ ತಂಗಿಗೆ ವೀಡಿಯೊ ಕಾಲ್ ಮಾಡಿ, ಫೋನನ್ನು ತೆಂಗಿನಕಾಯಿಗೆ ಒರಗಿಸಿ, ತೊಂಡೆಕಾಯಿ ಹೆಚ್ಚಲು ಕೂತೆ. ಅವಳಿಗೆ ಗಾಬರಿಯಾಯಿತು. ಎಂತ ಆಯ್ತು, ಹುಷಾರಿಲ್ವಾ, ಯಾರಾದ್ರೂ ಹೋದ್ರಾ ಎಂದೆಲ್ಲ ಕೇಳಿದಳು. ಎಂತದೂ ಇಲ್ಲ ಮಾರಾಯ್ತಿ, ನೀನು ನಿನ್ನ ಕೆಲಸ ಮಾಡು, ನಾನು ನನ್ನದು ಮಾಡ್ತೇನೆ ಎಂದೆ. ನಾನು ನಾಚಿಕೆಯಲ್ಲಿ ತಲೆ ತಗ್ಗಿಸಿ ತೊಂಡೆಕಾಯಿಯ ತೊಟ್ಟು ತೆಗೆಯತೊಡಗಿದೆ. ಆಮೇಲೆ ಅವಳು ಎದ್ದುಹೋಗಿ ಇಸ್ತ್ರಿಪೆಟ್ಟಿಗೆ ತಂದಳು. ಅರ್ಧ ತೊಂಡೆಕಾಯಿ ಮುಗಿಯುವಷ್ಟರಲ್ಲಿ ಅವಳು, ಅಮ್ಮ ಹೋದ ಮೇಲೆ ತನಗೆ ಯಾರ ಹತ್ತಿರವೂ ಅತ್ತದ್ದು ನೆನಪಿಲ್ಲ ಎಂದಳು. ಇಸ್ತ್ರಿ ಹಾಕುತ್ತಲೇ, ನನ್ನ ಕಡೆ ನೋಡದೆಯೇ ಹೇಳಿದಳು. ಎದುರೆದುರು ಕುಳಿತು ಹೇಳು ಎಂದರೆ ಅವಳು ಅದನ್ನು ಎಂದಿಗೂ ಹೇಳುತ್ತಿರಲಿಲ್ಲ. ಆವತ್ತಿನಿಂದ ಹೂವಿನ ಚಿತ್ರಗಳು ನಮ್ಮಿಬ್ಬರ ನಡುವೆ ನಿಂತವು.

ಎದುರು ಮನೆಯ ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಅದರ ಉಪ್ಪನಿಗೆ ರಜೆ ಸಿಕ್ಕಿತು. ತಾಯಿ ಕಿಟಿಕಿಯ ಪರದೆಯನ್ನೆಲ್ಲ ಬಿಚ್ಚಿ ತೊಳೆದಳು, ಮಗುವಿಗೆ ಹೊಸ ಫ್ರಾಕ್ ಹೊಲಿದಳು. ‘ಉಪ್ಪ ಬರ್ತಾರೆ’ ಎಂದು ಮಗು ನನಗೂ, ಲಿಫ್ಟಿಗೂ, ಪಾರ್ಕಿಂಗಿನ ಬೆಕ್ಕಿಗೂ ಹೇಳಿತು. ಬಜ್ಪೆ ವಿಮಾನ ನಿಲ್ದಾಣಕ್ಕೆ ಹೊರಟಾಗ ಅವಳು ನನ್ನನ್ನೂ ಕರೆದಳು. ಕಾಟಿಪಳ್ಳದಿಂದ ಅವಳ ಅತ್ತೆಯೂ ಕಾರು ಮಾಡಿಕೊಂಡು ಅಲ್ಲಿಗೆ ಬಂದಿದ್ದರು.

ಅವನು ಟ್ರಾಲಿ ತಳ್ಳಿಕೊಂಡು ಹೊರಗೆ ಬಂದ. ಫೋನಿನಲ್ಲಿ ಕಂಡದ್ದಕ್ಕಿಂತ ಬಹಳ ಎತ್ತರದ ಮನುಷ್ಯ. ಅವಳು ಒಂದು ಹೆಜ್ಜೆ ಮುಂದೆ ಹೋಗಿ ನಿಂತುಬಿಟ್ಟಳು. ಅವನೂ ನಿಂತ. ಇಬ್ಬರೂ ಹೊಸದಾಗಿ ಮದುವೆಯಾದವರಂತೆ ನೆಲ ನೋಡಿದರು. ಆಮೇಲೆ ಅವನು ಟ್ರಾಲಿ ಬಿಟ್ಟು ಮಗುವಿನ ಕಡೆ ಕೈ ಚಾಚಿದ.

ಮಗು ಚೀರಿತು. ಅಂಥ ಚೀರಾಟವನ್ನು ನಾನು ಅದರ ಬಾಯಿಯಲ್ಲಿ ಕೇಳಿರಲೇ ಇಲ್ಲ. ತಾಯಿಯ ಕುತ್ತಿಗೆಗೆ ಜೋತುಬಿದ್ದು, ಮುಖವನ್ನು ಅವಳ ಶಾಲಿನೊಳಗೆ ಹುಗಿದು, ಮೈಯನ್ನೆಲ್ಲ ಬಿಗಿಮಾಡಿಕೊಂಡಿತು. ಅವನು ಚಾಚಿದ ಕೈಯನ್ನು ಹಾಗೆಯೇ ಹಿಂದೆ ತೆಗೆದುಕೊಂಡ. ಅತ್ತೆ, ಮಗು ನಿದ್ದೆಯಲ್ಲಿದೆ, ಹಸಿದಿದೆ, ಜನ ನೋಡಿ ಹೆದರಿದೆ ಎಂದು ಒಂದಾದ ಮೇಲೆ ಒಂದು ಕಾರಣ ಹೇಳಿದರು. ಹೊರಗೆ ಕಾರಿನಲ್ಲಿ ಅವನು ಮುಂದಿನ ಸೀಟಿನಲ್ಲಿ ಕುಳಿತ. ಅರ್ಧ ದಾರಿಯಲ್ಲಿ ಮಗು ಶಾಲಿನಿಂದ ಮುಖ ತೆಗೆದು, ಉಪ್ಪನಿಗೆ ಫೋನ್ ಮಾಡು ಎಂದು ತಾಯಿಗೆ ಹೇಳಿತು. ಅವಳು, ಇಗೋ ಉಪ್ಪ ಇಲ್ಲೇ ಇದ್ದಾರಲ್ಲ ಎಂದು ಮುಂದೆ ತೋರಿಸಿದಳು.

“ಅದು ಅಲ್ಲ. ಉಪ್ಪ ಫೋನಿನಲ್ಲಿದ್ದಾರೆ,” ಎಂದಿತು ಮಗು.

ನಾನು ಹಿಂದೆ ಕೂತಿದ್ದೆ. ಅವನ ಕಿವಿ ಮತ್ತು ಕೆನ್ನೆಯ ಒಂದು ಬದಿ ಮಾತ್ರ ನನಗೆ ಕಾಣುತ್ತಿತ್ತು. ಅವನು ತಿರುಗಿ ನೋಡಲಿಲ್ಲ.

ಮುಂದಿನ ಕೆಲವು ದಿನ ಆ ಮನೆಯಿಂದ ಮಗು ಅಳುವ ಸದ್ದೇ ಹೆಚ್ಚಾಗಿ ಕೇಳುತ್ತಿತ್ತು. ಅವನು ತಂದ ಗೊಂಬೆಯನ್ನು ಮಗು ಮುಟ್ಟಲಿಲ್ಲ. ಚಾಕೊಲೇಟನ್ನು ತಾಯಿ ಕೊಟ್ಟರೆ ತಿನ್ನುತ್ತಿತ್ತು, ಅವನು ಕೊಟ್ಟರೆ ಇಲ್ಲ. ಅವನು ಕೋಣೆಗೆ ಬಂದರೆ ತುತ್ತು ಬಾಯಿಯಲ್ಲೇ ಇಟ್ಟುಕೊಂಡು ಕೂರುತ್ತಿತ್ತು. ಮಧ್ಯಾಹ್ನ ಆ ಹೊತ್ತಾದರೆ ಮಾತ್ರ ಫೋನನ್ನು ತಾನೇ ತಂದು ಸಕ್ಕರೆ ಡಬ್ಬಿಗೆ ಒರಗಿಸಿ ಕಾಯುತ್ತಿತ್ತು. ಮಗ ಬಂದನೆಂದು ಇಲ್ಲೇ ಉಳಿದಿದ್ದ ಅತ್ತೆಗೆ ಇದು ಅವಮಾನವೆನಿಸಿತು. ಫೋನನ್ನು ಅಡಗಿಸಿಟ್ಟು, ಮಗುವನ್ನು ಅವನ ತೊಡೆಯ ಮೇಲೆ ಬಲವಂತವಾಗಿ ಕೂರಿಸಿ, ಅತ್ತು ಅತ್ತು ಸಾಕಾದರೆ ತಾನೇ ಸರಿಹೋಗುತ್ತದೆ ಎಂದರು. ಅವರೇನೂ ಕೆಟ್ಟವರಲ್ಲ. ಅವರ ಕಾಲದಲ್ಲಿ ಗಂಡಸರು ಮುಂಬೈಯಿಂದ, ಗಲ್ಫಿನಿಂದ ಹೀಗೆಯೇ ಬಂದು ಹೀಗೆಯೇ ಮಕ್ಕಳನ್ನು ಒಗ್ಗಿಸಿಕೊಂಡಿದ್ದರು. ಅವನು ಬೇಡ, ಫೋನನ್ನೂ ಕೊಟ್ಟುಬಿಡಿ ಎಂದ. ಅಷ್ಟನ್ನೇ ಹೇಳಿ ಹೊರಗೆ ಬಂದ.

ನಾನು ಕಸ ಇಡಲು ಬಾಗಿಲು ತೆರೆದಾಗ ಅವನು ಮೆಟ್ಟಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ. ಮಗುವಿಗೆ ಊಟ ಆಗುವವರೆಗೆ ಹೊರಗಿರುತ್ತೇನೆ ಎಂದು ನನಗೆ ವಿವರಿಸಿದ. ಸ್ವಂತ ಮನೆಯ ಹೊರಗೆ ನಿಂತದ್ದಕ್ಕೆ ಅವನಿಗೆ ನನ್ನೆದುರು ನಾಚಿಕೆಯಾಗುತ್ತಿತ್ತು. ಒಳಗೆ ಬಂದು ಕೂತುಕೊಳ್ಳಿ ಎಂದೆ. ಅವನು ಸಂಕೋಚದಿಂದ ಬಂದು, ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕುಳಿತ. ನಾನು ಬಾಗಿಲನ್ನು ತೆರೆದೇ ಇಟ್ಟು ಚಾ ಮಾಡಲು ಹೋದೆ.

ಆಗ ಅವನ ಕಿಸೆಯಲ್ಲಿ ಫೋನ್ ಆಯಿತು. ಅವನು ತೆಗೆದು ನೋಡಿ ನನಗೆ ತೋರಿಸಿದ. ಎದುರು ಮನೆಯಿಂದ, ಹೆಂಡತಿಯ ನಂಬರಿನಿಂದ ವೀಡಿಯೊ ಕಾಲ್.

“ಇವಳು ಊಟ ಮಾಡ್ಲಿಕ್ಕೆ ಹಠ ಮಾಡಿರ್ಬೇಕು. ಉಪ್ಪ ಬೇಕು ಅಂತ,” ಎಂದ.

ಫೋನ್ ಆಗುತ್ತಲೇ ಇತ್ತು. ಅವನು ಎದ್ದು ಸುತ್ತ ನೋಡಿದ. ಕುರ್ಚಿಯನ್ನು ಎತ್ತಿ, ನನ್ನ ಹಾಲ್‌ನಲ್ಲಿ ಯಾವ ಚಿತ್ರವೂ ಕ್ಯಾಲೆಂಡರೂ ಇಲ್ಲದ ಗೋಡೆಯ ಹತ್ತಿರ ಇಟ್ಟು, ಅದಕ್ಕೆ ಬೆನ್ನು ಮಾಡಿ ಕುಳಿತ. ಕೈಯಿಂದ ಕೂದಲು ಹಿಂದಕ್ಕೆ ಸವರಿದ. ಆಮೇಲೆ ಫೋನ್ ಎತ್ತಿಕೊಂಡ.

ಮಗುವಿನ ಕೂಗು ಮೊದಲು ಎದುರು ಮನೆಯ ಬಾಗಿಲಿನಿಂದ ಕೇಳಿತು, ಒಂದು ಕ್ಷಣ ಬಿಟ್ಟು ಫೋನಿನಿಂದ. ‘ಉಪ್ಪಾ, ನೀವು ಎಲ್ಲಿಗೆ ಹೋದದ್ದು?’ ಎಂದು ಅದು ಕೇಳುತ್ತಿತ್ತು. ಮನೆಯಲ್ಲಿ ಯಾರೋ ಒಬ್ಬರು ಬಂದಿದ್ದಾರೆಂದೂ, ಅವರು ಬಹಳ ದೊಡ್ಡವರೆಂದೂ, ಅವರು ಉಮ್ಮನ ಹತ್ತಿರ ಕೂರುತ್ತಾರೆಂದೂ ಅವನಲ್ಲೇ ದೂರು ಹೇಳಿತು. ಅವನು ಎಲ್ಲವನ್ನೂ ಕೇಳಿಸಿಕೊಂಡ. ಅವರು ಕೆಟ್ಟವರಾ ಎಂದು ಕೇಳಿದ. ಮಗು ಯೋಚಿಸಿ, ಇಲ್ಲ, ಆದರೆ ಗೊತ್ತಿಲ್ಲದವರು ಎಂದಿತು. ಹಾಗಾದರೆ ಅವರಿಗೂ ನೀನು ಗೊತ್ತಿಲ್ಲ, ಅವರಿಗೂ ಸ್ವಲ್ಪ ಹೆದರಿಕೆ ಆಗ್ತಿರ್ಬಹುದು ಎಂದ. ಅವನ ಸ್ವರ ನಡುಗಲಿಲ್ಲ. ನಾನು ಚಾದ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಎಷ್ಟೋ ವರ್ಷ ನಾನು ಜನರ ಮುಖ ನೋಡುವ ಕೆಲಸವನ್ನೇ ಮಾಡಿದವಳು. ಆದರೆ ತನ್ನ ಎದೆಯೊಳಗಿನದ್ದನ್ನೆಲ್ಲ ಬದಿಗಿಟ್ಟು, ಒಂದು ಮಗುವಿಗೆ ಬೇಕಾದ ಮುಖವನ್ನಷ್ಟೇ ಎದುರಿಗಿಟ್ಟ ಮನುಷ್ಯನನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

ಮಗು ಊಟ ಮುಗಿಸಿತು. ಫೋನ್ ಇಟ್ಟ ಮೇಲೆ ಅವನು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕುಳಿತ. ಚಾ ಆರಿತ್ತು. ಬೇರೆ ಮಾಡುತ್ತೇನೆ ಎಂದರೂ ಬೇಡವೆಂದು ಅದನ್ನೇ ಕುಡಿದ.

“ಅಕ್ಕ, ನಾಳೆಯೂ ಈ ಹೊತ್ತಿಗೆ ಬರ್ಬಹುದಾ?” ಎಂದು ಕೇಳಿದ.

ಹಾಗೆ ನನ್ನ ಮನೆಯ ಹಾಲ್ ಅವನ ಗಲ್ಫ್ ಆಯಿತು. ಆ ಹೊತ್ತಿಗೆ ನಾನು ನನ್ನ ಊಟದ ಬಿಡುವು ಹೊಂದಿಸಿಕೊಂಡೆ. ಅವನು ಅವಸರ ಮಾಡಲಿಲ್ಲ. ಮೊದಲು ಬೋಳು ಗೋಡೆ. ಆಮೇಲೆ ಒಂದು ದಿನ ಕುರ್ಚಿಯನ್ನು ಸ್ವಲ್ಪ ಸರಿಸಿದ, ನನ್ನ ಕಿಟಿಕಿ ಪರದೆಯ ಅಂಚು ಕಾಣುವಷ್ಟು. ಮತ್ತೊಂದು ದಿನ ನನ್ನ ಫ್ರಿಜ್ ಕಾಣುವ ಹಾಗೆ ಕುಳಿತ. ಆ ಫ್ರಿಜ್ಜಿನ ಬಾಗಿಲಿಗೆ ಮಗುವೇ ಒಮ್ಮೆ ಅಂಟಿಸಿದ ಹಳದಿ ಮೀನಿನ ಸ್ಟಿಕ್ಕರ್ ಇತ್ತು. ಫೋನಿನಲ್ಲಿ ಒಮ್ಮೆಗೇ ಮಾತು ನಿಂತಿತು.

“ಅದು ಎದುರಾಂಟಿಯ ಫ್ರಿಜ್,” ಎಂದಿತು ಮಗು.

“ಹೌದಾ?” ಎಂದ ಅವನು.

ಪುಟ್ಟ ಕಾಲಿನ ಸದ್ದು ಮೆಟ್ಟಿಲ ಜಾಗ ದಾಟಿ ಬಂತು. ಮಗು ನನ್ನ ಹೊಸ್ತಿಲಲ್ಲಿ ನಿಂತಿತು. ಕೈಯಲ್ಲಿ ತಾಯಿಯ ಫೋನ್, ಅದರಲ್ಲಿ ಉಪ್ಪ. ಎದುರಿಗೆ ಕುರ್ಚಿಯಲ್ಲಿ ಆ ದೊಡ್ಡ ಮನುಷ್ಯ, ಅವನ ಕೈಯಲ್ಲೂ ಫೋನ್, ಅದರಲ್ಲಿ ತಾನೇ. ಮಗು ಒಮ್ಮೆ ಫೋನನ್ನೂ ಒಮ್ಮೆ ಅವನನ್ನೂ ನೋಡಿತು. ಅವನು ಕಣ್ಣೆತ್ತಲಿಲ್ಲ. ತನ್ನ ಫೋನನ್ನೇ ನೋಡುತ್ತಾ, ಇವತ್ತು ಉಮ್ಮ ಎಂತ ಮಾಡಿದ್ದು, ಮೀನು ತಿಂದ್ಯಾ, ಮುಳ್ಳು ತೆಗೆದು ಕೊಟ್ರಾ ಎಂದು ಮಾತಾಡುತ್ತಲೇ ಇದ್ದ. ಅವನ ತಾಯಿಯಾಗಿದ್ದರೆ, ನಾನಾಗಿದ್ದರೆ ಆ ಕ್ಷಣಕ್ಕೆ ಹಾರಿ ಮಗುವನ್ನು ಎತ್ತಿಕೊಳ್ಳುತ್ತಿದ್ದೆವು. ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಆದರೂ ಅವನು ತಲೆಯೆತ್ತಲಿಲ್ಲ. ಮಗು ತಿರುಗಿ ಓಡಿಹೋಯಿತು.

ಮರುದಿನ ಅದು ತಾನೇ ಬಂತು, ಬಂದು ನನ್ನ ಹಿಂದೆ ನಿಂತಿತು. ಅದರ ಮರುದಿನ ಅವನ ಕುರ್ಚಿಯ ಹಿಂದೆ ಹೋಗಿ, ಅವನ ಫೋನಿನ ಬೆನ್ನಿನಲ್ಲಿ ಎಂತ ಉಂಟು ಎಂದು ನೋಡಿತು. ಅವನು ಫೋನಿನಲ್ಲಿ ಆಡುವ ಒಂದು ಆಟವಿತ್ತು. ಕೆನ್ನೆ ಉಬ್ಬಿಸಿ ಉಸಿರು ಹಿಡಿಯುವುದು, ಮಗು ಪರದೆಯ ಮೇಲೆ ಅವನ ಕೆನ್ನೆಯನ್ನು ಬೆರಳಿನಿಂದ ಒತ್ತಿದರೆ ಟುಸ್ ಎಂದು ಗಾಳಿ ಬಿಡುವುದು. ಆ ಶುಕ್ರವಾರ ಅವನು ಮಸೀದಿಯಿಂದ ಬಂದು ಬಿಳಿ ಅಂಗಿಯಲ್ಲಿ ಕುಳಿತಿದ್ದ. ಮಗು ನೆಲದಲ್ಲಿ ಅವನಿಂದ ಒಂದು ಕೈ ದೂರದಲ್ಲಿ ಕುಳಿತು ಪರದೆಯನ್ನು ಒತ್ತಿತು. ಟುಸ್ ಎಂದಿತು. ಸದ್ದು ಎರಡು ಕಡೆಯಿಂದ ಬಂತು. ಮಗು ತಲೆ ವಾಲಿಸಿ ಕೇಳಿತು. ಅವನು ಮತ್ತೆ ಕೆನ್ನೆ ಉಬ್ಬಿಸಿದ. ಈ ಸಲ ಮಗು ಎದ್ದುನಿಂತು, ಪರದೆಯನ್ನು ಒತ್ತಲು ಎತ್ತಿದ ಬೆರಳನ್ನು ನಿಧಾನವಾಗಿ ಪಕ್ಕಕ್ಕೆ ತಂದು, ಗಡ್ಡದ ಮೇಲೆ ಇಟ್ಟಿತು. ಒತ್ತಲಿಲ್ಲ, ಸುಮ್ಮನೆ ಇಟ್ಟಿತು. ಗಡ್ಡ ಚುಚ್ಚಿರಬೇಕು. ಬೆರಳನ್ನು ತೆಗೆದು ನೋಡಿಕೊಂಡು ಮತ್ತೆ ಇಟ್ಟಿತು. ಆಮೇಲೆ ಒತ್ತಿತು.

ಅವನು ಗಾಳಿ ಬಿಟ್ಟ. ಆದರೆ ಅರ್ಧಕ್ಕೇ ಅದು ಬೇರೆ ಏನೋ ಸದ್ದಾಗಿ ಹೋಯಿತು. ಮಗು ನಕ್ಕಿತು. ಎದುರು ಮನೆಯ ಬಾಗಿಲಲ್ಲಿ ನಿಂತಿದ್ದ ಅವಳು ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನೂ ಅಡುಗೆಮನೆಗೆ ಹೋಗಿ ನಳ್ಳಿ ತಿರುಗಿಸಿ ಸುಮ್ಮನೆ ನಿಂತೆ.

ಮತ್ತೆ ಉಳಿದ ರಜೆಯೆಲ್ಲ ಮಗು ಅವನ ಹೆಗಲಿನಿಂದ ಇಳಿಯಲಿಲ್ಲ. ಅವರು ಪಣಂಬೂರಿನ ಕಡಲತೀರಕ್ಕೆ ಹೋಗಿ ಮೈತುಂಬ ಮರಳು ಮಾಡಿಕೊಂಡು ಬಂದರು. ಕಾಟಿಪಳ್ಳದಲ್ಲಿ ಅತ್ತೆ ಮೊಮ್ಮಗಳಿಗೂ ಮಗನಿಗೂ ಒಂದೇ ತಟ್ಟೆಯಲ್ಲಿ ಬಡಿಸಿದರಂತೆ. ಒಂದು ದಿನ ಅವನು ನನ್ನಲ್ಲಿಗೆ ಬಂದು, ಇನ್ನು ಈ ಹೊತ್ತಿಗೆ ನಿಮಗೆ ತೊಂದರೆ ಕೊಡುವುದಿಲ್ಲ ಎಂದ. ತೊಂದರೆ ಇಲ್ಲದಿದ್ದರೂ ಬನ್ನಿ ಎಂದೆ. ಮೂವರೂ ಬಂದು ಚಾ ಕುಡಿದು ಹೋದರು.

ಅವನು ಗಲ್ಫಿಗೆ ಹಿಂದಿರುಗಿದ ದಿನ ಬಜ್ಪೆಗೆ ನಾನು ಹೋಗಲಿಲ್ಲ. ನೋಡುವ ಧೈರ್ಯವಾಗಲಿಲ್ಲ. ಮರುದಿನ ಮಧ್ಯಾಹ್ನ ಅವಳು ಮಗುವನ್ನು ಕರೆದುಕೊಂಡು ನನ್ನ ಮನೆಗೇ ಬಂದಳು. ಫೋನ್ ಆಯಿತು, ಅವನ ಮುಖ ಮೂಡಿತು. ಮಗು ಒಮ್ಮೆ ನೋಡಿ ಎದ್ದುಹೋಗಿ, ಗೋಡೆಯ ಕಡೆ ಮುಖ ಮಾಡಿ ಕುಳಿತಿತು. ಕರೆದರೆ ಗೋಡೆಗೆ ಇನ್ನೂ ಹತ್ತಿರ ಸರಿಯಿತು. ಮೊದಲು ಯಾವ ಫೋನಿಗಾಗಿ ಊಟ ಬಿಡುತ್ತಿತ್ತೋ ಆ ಫೋನು ಈಗ ಅದಕ್ಕೆ ಬೇಡ. ದಿನಾ ಇದೇ ನಡೆಯಿತು. ಅವಳು ಕುಗ್ಗಿಹೋದಳು. ಅವನು ಬರದೇ ಇದ್ದಿದ್ದರೇ ಮಗು ಸುಖವಾಗಿರುತ್ತಿತ್ತು ಎಂದೂ ಒಮ್ಮೆ ನನ್ನಲ್ಲಿ ಹೇಳಿದಳು. ನನಗೂ ಹಾಗೆ ಅನ್ನಿಸಿತ್ತು.

ಅವನಿಗೆ ಹಾಗೆ ಅನ್ನಿಸಲಿಲ್ಲ. ಮಗುವನ್ನು ಬೈಯಬೇಡ, ತಿರುಗಿಸಿ ಕೂರಿಸಬೇಡ ಎಂದು ಅವಳಿಗೆ ಹೇಳಿದ.

“ಸಿಟ್ಟು ಮಾಡ್ಲಿ. ಗುರ್ತ ಇಲ್ಲದವರ ಮೇಲೆ ಅವಳಿಗೆ ಸಿಟ್ಟು ಬರುದಿಲ್ಲ, ಹೆದರಿಕೆ ಬರ್ತದೆ. ಇದು ಸಿಟ್ಟು,” ಎಂದ. ಅವನ ಮುಖದಲ್ಲಿ ಒಂದು ಬಗೆಯ ಹೆಮ್ಮೆಯೇ ಇತ್ತು.

ಅವನು ದಿನಾ ಫೋನ್ ಮಾಡಿದ. ಹೆಂಡತಿಯ ಹತ್ತಿರ ಮಾತಾಡಿದ, ನಾನಿದ್ದರೆ ನನ್ನ ಹತ್ತಿರ ಎರಡು ಮಾತು. ಇಡುವ ಮೊದಲು ಮಗುವಿನ ಬೆನ್ನಿಗೆ, ಹೋಗಿ ಬರ್ತೇನೆ ಎಂದು ಹೇಳಿ ಇಡುತ್ತಿದ್ದ. ಮಗುವಿನ ಕಣ್ಣು ಎಂದೂ ಈ ಕಡೆ ತಿರುಗಲಿಲ್ಲ. ಆದರೆ ಫೋನಿನ ಹೊತ್ತಿಗೆ ಅದು ಬೇರೆ ಕೋಣೆಗೆ ಹೋಗುತ್ತಿರಲಿಲ್ಲ ಎನ್ನುವುದನ್ನು ನಾನು ಗಮನಿಸಿ ಅವಳಿಗೆ ಹೇಳಿದೆ. ಅವಳು ಅದನ್ನು ಅವನಿಗೆ ಹೇಳಿದಳು. ಅದು ಅವನಿಗೆ ಆಗಲೇ ಗೊತ್ತಿತ್ತು.

ಮಳೆ ಶುರುವಾದ ಮೇಲೆ ಒಂದು ದಿನ ಮಗು ಪಾರ್ಕಿಂಗಿನಲ್ಲಿ ಜಾರಿ ಬಿದ್ದು ಮಂಡಿ ತರಚಿಕೊಂಡಿತು. ಮಧ್ಯಾಹ್ನ ನನ್ನ ಹಾಲ್‌ನಲ್ಲಿ ಫೋನ್ ಆದಾಗ ಅದು ಎಂದಿನಂತೆ ಗೋಡೆಯ ಕಡೆ ತಿರುಗಿ ಕುಳಿತಿತ್ತು. ಸ್ವಲ್ಪ ಹೊತ್ತಾದ ಮೇಲೆ ಗೋಡೆಗೆ ಹೇಳಲು ಶುರುಮಾಡಿತು, ಕೆಳಗೆ ನೀರು ಇತ್ತೆಂದೂ, ಚಪ್ಪಲಿ ಜಾರಿತೆಂದೂ, ರಕ್ತ ಬಂತೆಂದೂ, ಎದುರಾಂಟಿ ಔಷಧ ಹಾಕಿದಾಗ ಬಹಳ ಉರಿಯಿತೆಂದೂ. ಗೋಡೆಗೆ ಕೇಳಲು ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ. ಅವಳು ಏನೋ ಹೇಳಲು ಬಾಯಿ ತೆರೆದಳು. ಅವನು ಅಲ್ಲಿಂದಲೇ ಬೆರಳೆತ್ತಿ ತಡೆದ.

“ಯಾವ ಮಂಡಿ?” ಎಂದು ಹೆಂಡತಿಯನ್ನು ಕೇಳಿದ.

ಅವಳು ಮಗುವಿನ ಕಡೆ ನೋಡಿದಳು. ಮಗು ಕುಳಿತಲ್ಲಿಂದಲೇ, ಮುಖ ಗೋಡೆಯ ಕಡೆಗೇ ಇಟ್ಟುಕೊಂಡು, ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಫೋನಿನ ಹತ್ತಿರ ಬಂತು. ಬಂದು ಒಂದು ಕಾಲನ್ನು ಬದಿಗೆ ಚಾಚಿತು. ಪರದೆಯ ತುಂಬ ಅವನಿಗೆ ಒಂದು ಪುಟ್ಟ ಮಂಡಿ, ಅದರ ಮೇಲೆ ಬಣ್ಣದ ಬ್ಯಾಂಡೇಜ್. ಅವನು ಅದನ್ನು ಬಹಳ ಹೊತ್ತು ನೋಡಿದ. ಈಗ ಉರಿಯುವುದು ಕಡಿಮೆಯಾಯಿತಾ ಎಂದು ಕೇಳಿದ.

“ಸ್ವಲ್ಪ ಉಂಟು,” ಎಂದಿತು ಮಗು. ಕಾಲನ್ನು ಅಲ್ಲೇ ಇಟ್ಟುಕೊಂಡಿತು.

ನನ್ನ ಬಿಡುವು ಮುಗಿದಿತ್ತು. ಒಳಗೆ ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತೆ. ಕೋಣೆಯ ಬಾಗಿಲು ಮುಚ್ಚಲಿಲ್ಲ.